ಕೆಡಿಸಿ ಕಲಿಯಲೆಂದೇ ರೆಡಿ ಮಾಡಿದ ಹಳೆ ಲ್ಯಾಪ್‌ಟಾಪ್

ಯಂತ್ರದ ಪರಿಸ್ಥಿತಿ ಹೀಗಿತ್ತು: 15 ಇಂಚಿನ ಹಳೆಯ ಲ್ಯಾಪ್‌ಟಾಪ್, 4 ಜಿಬಿ ರ್‍ಯಾಮ್, ತಿರುಗುವ 500 ಜಿಬಿ ಹಾರ್ಡ್ ಡಿಸ್ಕ್, ಅದರಲ್ಲಿ ವಿಂಡೋಸ್ 10. ಬಟನ್ ಒತ್ತಿದರೆ ಏಳುತ್ತಿತ್ತು, ಆದರೆ ತನಗೆ ಇಷ್ಟ ಬಂದಾಗ. ಬ್ರೌಸರ್ ತೆರೆದರೆ ಫ್ಯಾನು ಜೋರಾಗಿ ಕಿರುಚುತ್ತಿತ್ತು. ಯಾವ ಸೈಟಿಗೆ ಹೋದರೂ 'ಸುರಕ್ಷಿತವಲ್ಲ' ಎಂಬ ಎಚ್ಚರಿಕೆ. ವರ್ಷಗಟ್ಟಲೆ ಕಪಾಟಿನಲ್ಲೇ ಬಿದ್ದಿತ್ತು.

ಈಗ ಅದನ್ನು ಹೊರಗೆ ತೆಗೆದದ್ದು ಅತ್ತಿಗೆಗಾಗಿ. ಅವರು ಮತ್ತೆ ಕೆಲಸಕ್ಕೆ ಸೇರುವವರಿದ್ದರು. ಪತ್ರ ಟೈಪ್ ಮಾಡಬೇಕು, ಲೆಕ್ಕದ ಶೀಟ್ ತುಂಬಬೇಕು, ಮೇಲ್ ಕಳಿಸಬೇಕು. ಫೋನಿನಲ್ಲಿ ಅವರು ನನಗಿಂತ ಚುರುಕು. ಕಂಪ್ಯೂಟರ್ ಮುಂದೆ ಕೂತರೆ ಮಾತ್ರ ಕೈ ಹಿಂದೇಟು ಹಾಕುತ್ತದೆ. ಮನೆಯಲ್ಲಿ ಅಣ್ಣನ ಲ್ಯಾಪ್‌ಟಾಪ್ ಇದೆ, ಆದರೆ ಅದರ ತುಂಬ ಅವನ ಆಫೀಸಿನ ಫೈಲುಗಳು. ಹಾಗಾಗಿ ಅದರ ಮುಂದೆ ಕೂತಾಗಲೆಲ್ಲ ಅತ್ತಿಗೆಯದು ಒಂದೇ ಪ್ರಶ್ನೆ: "ಇದನ್ನ ಒತ್ತಿದ್ರೆ ಏನಾದ್ರೂ ಹಾಳಾಗುತ್ತಾ?"

"ಇಲ್ಲ" ಅಂತ ಸಮಾಧಾನ ಹೇಳಬಹುದು. ಆದರೆ ಅದು ನಿಜ ಅಲ್ಲ, ಅಲ್ವಾ? ಹಾಳಾಗಬಹುದು. ಭಯ ಇಟ್ಟುಕೊಂಡು ಕೂತವರಿಗೆ ಹತ್ತು ಪಾಠ ಹೇಳಿದರೂ ಒಂದೂ ಕೈಗೆ ಹತ್ತುವುದಿಲ್ಲ. "ಹಾಳಾಗಲಿ ಬಿಡಿ, ಆಮೇಲೆ ಸರಿ ಮಾಡೋಣ" ಎಂದು ಧೈರ್ಯವಾಗಿ ಹೇಳುವಂಥ ಯಂತ್ರ ಬೇಕಿತ್ತು. ಈ ಕೆಲಸ ಪೂರ್ತಿ ಅದಕ್ಕಾಗಿಯೇ.

ರೋಗ ಯಾವುದು

ಬಿಚ್ಚುವ ಮೊದಲು ನೋಡಿದ್ದು ಗಡಿಯಾರ. ಪ್ರತಿಸಲ ಚಾರ್ಜರ್ ತೆಗೆದು ಆನ್ ಮಾಡಿದಾಗ ತಾರೀಕು ಹಲವು ವರ್ಷ ಹಿಂದಕ್ಕೆ ಹೋಗುತ್ತಿತ್ತು. ಸೈಟುಗಳ ಎಚ್ಚರಿಕೆಗೂ ಇದೇ ಕಾರಣ. ಪ್ರತಿ ಸೈಟಿನ ಭದ್ರತಾ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಯಂತ್ರ ತಾನಿನ್ನೂ 2012ರಲ್ಲಿದ್ದೇನೆ ಅಂದುಕೊಂಡಿದ್ದರೆ, ಇವತ್ತಿನ ಪ್ರಮಾಣಪತ್ರ ಅದರ ಲೆಕ್ಕದಲ್ಲಿ ಇನ್ನೂ ಹುಟ್ಟಿಯೇ ಇಲ್ಲ. ವೈರಸ್ ಬಂದಿದೆ ಎಂದು ಜನ ಇಡೀ ಯಂತ್ರ ಫಾರ್ಮ್ಯಾಟ್ ಮಾಡಿಸುತ್ತಾರೆ. ಬೇಕಾಗಿರುವುದು ಯಂತ್ರ ಆಫ್ ಇದ್ದಾಗಲೂ ಗಡಿಯಾರ ನಡೆಸುವ, ನಾಣ್ಯದಷ್ಟು ಗಾತ್ರದ, 3 ವೋಲ್ಟಿನ ಸಿಆರ್2032 ಸೆಲ್. ಲ್ಯಾಪ್‌ಟಾಪಿನಲ್ಲಿ ಅದು ಕೆಲವೊಮ್ಮೆ ಎರಡು ವೈರು, ಒಂದು ಪುಟ್ಟ ಕನೆಕ್ಟರ್ ಜೊತೆ ಪ್ಲಾಸ್ಟಿಕ್ ಹೊದಿಕೆಯೊಳಗೆ ಇರುತ್ತದೆ. ಆಗ ವೈರು ಸಮೇತ ಬರುವುದನ್ನೇ ತರಬೇಕು.

ಎರಡನೆಯದು ಡಿಸ್ಕ್. ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೊಸೆಸರ್ ಸುಮ್ನೆ ಕೂತಿದೆ, ಡಿಸ್ಕ್ ಮಾತ್ರ ಶೇಕಡಾ 100. ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್ ಪಟ್ಟಿಯಲ್ಲಿ 'ಕರೆಂಟ್ ಪೆಂಡಿಂಗ್ ಸೆಕ್ಟರ್' ಎಂಬ ಸಾಲು ಸೊನ್ನೆ ಇರಲಿಲ್ಲ. ಅಂದರೆ ಕೆಲವು ಜಾಗಗಳನ್ನು ಡಿಸ್ಕಿಗೆ ಓದಲಾಗುತ್ತಿಲ್ಲ. ಇಂಥ ಹೊತ್ತಿನಲ್ಲಿ ರಿಪೇರಿ ಸಾಫ್ಟ್‌ವೇರ್ ಓಡಿಸಬಾರದು. ಡಿಸ್ಕಿಗೆ ಇನ್ನೂ ಜಾಸ್ತಿ ಕೆಲಸ ಕೊಟ್ಟ ಹಾಗಾಗುತ್ತದೆ. ಮೊದಲು ಬೇಕಾದ ಫೋಟೋ, ಕಾಗದಪತ್ರ ಕಾಪಿ ಮಾಡಿಕೊಳ್ಳಬೇಕು. ಕಾಪಿ ಮಾಡಿಕೊಂಡೆ. ಆ ಡಿಸ್ಕಿನ ಆಸೆ ಅಲ್ಲಿಗೆ ಬಿಟ್ಟೆ.

ಬಿಚ್ಚಿದ್ದು

ಒಂದು ಖಾಲಿ ಹಾಳೆಯ ಮೇಲೆ ಲ್ಯಾಪ್‌ಟಾಪಿನ ಬೆನ್ನಿನ ಚಿತ್ರ ಬರೆದೆ. ಯಾವ ತೂತಿನಿಂದ ತೆಗೆದ ಸ್ಕ್ರೂ ಆ ಜಾಗದಲ್ಲೇ, ಟೇಪ್ ಹಾಕಿ ಅಂಟಿಸುವುದು. ಇದು ಅತಿ ಅನ್ನಿಸಬಹುದು. ಆದರೆ ಇದರಲ್ಲಿ ಮೂರು ಅಳತೆಯ ಸ್ಕ್ರೂಗಳಿದ್ದವು. ಚಿಕ್ಕದರ ಜಾಗಕ್ಕೆ ಉದ್ದದ್ದು ಹಾಕಿ ತಿರುಗಿಸಿದರೆ ಕೀಬೋರ್ಡ್ ಪಕ್ಕದ ಪ್ಲಾಸ್ಟಿಕ್ ಉಬ್ಬಿ ಬರುತ್ತದೆ.

ಮುಚ್ಚಳ ತೆಗೆದ ಕೂಡಲೇ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು. ಆಮೇಲೆ ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಒಳಗೆ ಉಳಿದ ಚಾರ್ಜೂ ಹೋಗುತ್ತದೆ. ಬ್ಯಾಟರಿ ಉಬ್ಬಿದೆಯಾ ಎಂದು ಬೆರಳಿಟ್ಟು ನೋಡಿದೆ, ಚಪ್ಪಟೆಯಾಗಿಯೇ ಇತ್ತು. ಟಚ್‌ಪ್ಯಾಡ್ ತಾನಾಗೇ ಮೇಲೆದ್ದಿದ್ದರೆ ಅಥವಾ ಮುಚ್ಚಳ ಸರಿಯಾಗಿ ಕೂರದಿದ್ದರೆ ಬ್ಯಾಟರಿ ಉಬ್ಬಿರುವ ಸಾಧ್ಯತೆ ಜಾಸ್ತಿ. ಅಂಥದ್ದನ್ನು ಒತ್ತುವುದು, ಚುಚ್ಚುವುದು ಬೇಡವೇ ಬೇಡ. ಬೆಂಕಿ ಹತ್ತಿಕೊಳ್ಳಬಹುದು.

ಫ್ಯಾನಿನ ಬಾಯಲ್ಲಿ ದೂಳು ದಪ್ಪ ಬಟ್ಟೆಯಂತೆ ಕಟ್ಟಿಕೊಂಡಿತ್ತು. ರೆಕ್ಕೆ ತಿರುಗದ ಹಾಗೆ ಒಂದು ಕಡ್ಡಿ ಅಡ್ಡ ಹಿಡಿದು ಗಾಳಿ ಊದಿದೆ. ಹಿಡಿಯದೆ ಊದಿದರೆ ರೆಕ್ಕೆ ಅಳತೆ ಮೀರಿ ತಿರುಗಿ ಬೇರಿಂಗ್ ಹೋಗಬಹುದು.

ಹಾರ್ಡ್ ಡಿಸ್ಕ್ ಜಾಗಕ್ಕೆ 240 ಜಿಬಿಯ ಸಾಟಾ ಎಸ್‌ಎಸ್‌ಡಿ, ಅಂದರೆ ಚಿಪ್ಪುಗಳಲ್ಲೇ ಮಾಹಿತಿ ಇಡುವ ಡಿಸ್ಕ್. ಹಳೆ ಡಿಸ್ಕ್ 9.5 ಮಿಲಿಮೀಟರ್ ದಪ್ಪ, ಹೊಸದು 7. ಚೌಕಟ್ಟಿನಲ್ಲಿ ಅಲುಗಾಡದಿರಲು ಒಂದು ತೆಳು ಪ್ಲಾಸ್ಟಿಕ್ ಪಟ್ಟಿ ಬೇಕಾಯಿತು. ಈ ಒಂದು ಬದಲಾವಣೆಯೇ ಯಾಕೆ ಇಷ್ಟು ಫರಕು ಮಾಡುತ್ತದೆ ಅಂದರೆ: ಆನ್ ಆಗುವಾಗ ಯಂತ್ರ ಓದುವುದು ಸಾವಿರಾರು ಚಿಕ್ಕ ಚಿಕ್ಕ ಫೈಲುಗಳನ್ನು. ನಿಮಿಷಕ್ಕೆ 5400 ಸುತ್ತು ಹಾಕುವ ಡಿಸ್ಕಿಗೆ ಒಂದು ಸುತ್ತಿಗೇ 11 ಮಿಲಿಸೆಕೆಂಡ್ ಬೇಕು. ಪ್ರತಿ ಫೈಲಿಗೂ ಓದುವ ಮುಳ್ಳು ಸರಿಯಬೇಕು, ತಟ್ಟೆ ತಿರುಗಿ ಬರುವವರೆಗೆ ಕಾಯಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವುದೇ ಏನೂ ಇಲ್ಲ, ಕಾಯುವುದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸು.

ರ್‍ಯಾಮ್ 4 ಇದ್ದದ್ದನ್ನು 8 ಮಾಡಿದೆ. ಹಳೆಯ ಚಿಪ್ಪಿನ ಮೇಲಿನ ಚೀಟಿ ಓದದೆ ಹೊಸದು ತರಬಾರದು. ಈ ಯಂತ್ರಕ್ಕೆ ಬೇಕಿದ್ದದ್ದು 1.35 ವೋಲ್ಟಿನ ಡಿಡಿಆರ್3ಎಲ್. 1.5 ವೋಲ್ಟಿನ ಡಿಡಿಆರ್3 ಅದೇ ಸ್ಲಾಟಿಗೆ ಸರಿಯಾಗಿ ಕೂರುತ್ತದೆ, ಆದರೆ ಯಂತ್ರ ಏಳದೇ ಹೋಗಬಹುದು. ಓರೆಯಾಗಿ ತೂರಿಸಿ, ಕೆಳಗೆ ಒತ್ತಿ, ಎರಡೂ ಕಡೆಯ ಕ್ಲಿಪ್ ಟಕ್ ಅಂದರೆ ಸರಿ. ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ರಾತ್ರಿಯಿಡೀ ಓಡಿಸಿದೆ, ತಪ್ಪು ಬರಲಿಲ್ಲ.

ಯಾವ ಸಿಸ್ಟಂ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ, ತನ್ನ ಪಟ್ಟಿಯಲ್ಲಿರುವ ಪ್ರೊಸೆಸರನ್ನೇ ಕೇಳುತ್ತದೆ. ಇದರಲ್ಲಿ ಎರಡೂ ಇಲ್ಲ. ಅಡ್ಡದಾರಿಗಳಿವೆ, ಆದರೆ ಹೊಸಬರ ಕೈಗೆ ಕೊಡುವ ಯಂತ್ರದಲ್ಲಿ ಅಡ್ಡದಾರಿ ಬೇಡ ಅನ್ನಿಸಿತು. ವಿಂಡೋಸ್ ಬದಲು ಹಾಕಬಹುದಾದ ಉಚಿತ ಸಿಸ್ಟಂ ಲಿನಕ್ಸ್ ಮಿಂಟ್ 22, ಅದರಲ್ಲಿ ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಇರುವ ಆವೃತ್ತಿ ಆರಿಸಿಕೊಂಡೆ. 2029ರವರೆಗೆ ಭದ್ರತಾ ಅಪ್‌ಡೇಟ್ ಬರುತ್ತದೆ, 2 ಜಿಬಿ ರ್‍ಯಾಮ್ ಇದ್ದರೂ ಓಡುತ್ತದೆ.

"ಆಫೀಸಿನಲ್ಲಿ ವಿಂಡೋಸ್ ಇರುತ್ತಲ್ಲ, ಇದನ್ನು ಕಲಿತು ಏನು ಬಂತು?" ಎಂದು ಅಣ್ಣ ಕೇಳಿದ. ಪ್ರಶ್ನೆ ಸರಿಯಾದದ್ದೇ. ಮೆನುಗಳ ಜಾಗ ಬೇರೆ, ಒಪ್ಪುತ್ತೇನೆ. ಆದರೆ ಫೈಲು, ಫೋಲ್ಡರು, ಸೇವ್, ಕಾಪಿ, ಅಟ್ಯಾಚ್‌ಮೆಂಟ್ ಎಲ್ಲ ಕಡೆ ಒಂದೇ. ಅದು ಗಟ್ಟಿಯಾದರೆ ಮೆನು ಎಲ್ಲಿದೆ ಎಂದು ಹುಡುಕುವುದು ಒಂದು ವಾರದ ಮಾತು. ವರ್ಡ್, ಎಕ್ಸೆಲ್ ಬೇಕೇ ಬೇಕು ಅನ್ನಿಸಿದಾಗ ಬ್ರೌಸರಿನಲ್ಲಿ ಉಚಿತ ಆವೃತ್ತಿ ಸಿಗುತ್ತದೆ.

ಇನ್‌ಸ್ಟಾಲ್ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಡೌನ್‌ಲೋಡ್ ಆದ ಫೈಲು ಸರಿಯಾಗಿ ಬಂದಿದೆಯೇ ಎಂದು ಅದರ ಚೆಕ್‌ಸಮ್ ತಾಳೆ ನೋಡಿ, ಖಾಲಿ ಪೆನ್‌ಡ್ರೈವಿಗೆ ಬರೆದು, ಮೊದಲು ಇನ್‌ಸ್ಟಾಲ್ ಮಾಡದೆಯೇ ಅದರಿಂದಲೇ ಓಡಿಸಿ ನೋಡಿದೆ. ವೈಫೈ, ಸೌಂಡು, ಕ್ಯಾಮೆರಾ, ಟಚ್‌ಪ್ಯಾಡ್ ನಾಲ್ಕೂ ಕೆಲಸ ಮಾಡಿದ ಮೇಲೆಯೇ ಡಿಸ್ಕಿಗೆ ಹಾಕಿದ್ದು.

ಆಟ ಮತ್ತು ಕೆಲಸ

ಇಡೀ ಪ್ರಾಜೆಕ್ಟಿನ ಜೀವ ಇಲ್ಲಿದೆ. ಅತ್ತಿಗೆಗೆ ಎರಡು ಅಕೌಂಟ್ ಮಾಡಿದೆ. ಒಂದರ ಹೆಸರು 'ಆಟ', ಇನ್ನೊಂದು 'ಕೆಲಸ'. ಎರಡಕ್ಕೂ ಅಡ್ಮಿನ್ ಅಧಿಕಾರ ಇಲ್ಲ, ಅದು ನನ್ನ ಮೂರನೇ ಅಕೌಂಟಿನಲ್ಲಿ. ಆಟದ ವಾಲ್‌ಪೇಪರ್ ಹಳದಿ, ಕೆಲಸದ್ದು ನೀಲಿ. ಯಾವುದರಲ್ಲಿ ಕೂತಿದ್ದೇವೆ ಎಂದು ಓದದೆಯೇ ಗೊತ್ತಾಗಬೇಕು.

'ಆಟ'ವನ್ನು ಒಂದು ಸಲ ಚೆನ್ನಾಗಿ ಜೋಡಿಸಿದೆ. ಅಭ್ಯಾಸಕ್ಕೆ ಫೋಟೋಗಳು, ಕೆಲವು ಪತ್ರಗಳು, ಒಂದು ಲೆಕ್ಕದ ಶೀಟು, ಬೇಕೆಂದೇ ಅಸ್ತವ್ಯಸ್ತ ಮಾಡಿದ ಒಂದು ಫೋಲ್ಡರ್. ಈ ಇಡೀ ಹೋಮ್ ಫೋಲ್ಡರಿನ ಒಂದು ನಕಲು ಅವರ ಕೈಗೆ ಸಿಗದ ಜಾಗದಲ್ಲಿ ಇಟ್ಟೆ. ಆಟ ಕೆಟ್ಟರೆ ಲಾಗ್‌ಔಟ್ ಆಗಬೇಕು. ನನ್ನ ಅಕೌಂಟಿನಲ್ಲಿರುವ 'ಹೊಸದಾಗಿ ಶುರು' ಎಂಬ ಐಕಾನ್ ಒತ್ತಿದರೆ ಆರ್‌ಸಿಂಕ್ ಎಂಬ ಫೈಲ್ ಕಾಪಿ ಮಾಡುವ ಪ್ರೋಗ್ರಾಂ ಆ ನಕಲನ್ನು ವಾಪಸ್ ಹಾಕುತ್ತದೆ. ಹೊಸದಾಗಿ ಸೇರಿದ್ದನ್ನು ಅಳಿಸುವ ಆಯ್ಕೆಯನ್ನೂ ಕೊಡಬೇಕು, ಇಲ್ಲದಿದ್ದರೆ ಹಳೆಯ ಕಸ ಹಾಗೇ ಉಳಿಯುತ್ತದೆ. ಆರ್‌ಸಿಂಕ್ ಬಳಸುವವರಿಗೆ ಒಂದು ಮಾತು: ಮೂಲ ಫೋಲ್ಡರಿನ ಹೆಸರಿನ ಕೊನೆಗೆ ಓರೆಗೆರೆ ಇದ್ದರೆ ಒಳಗಿನ ಸಾಮಾನು ಮಾತ್ರ ಹೋಗುತ್ತದೆ, ಇಲ್ಲದಿದ್ದರೆ ಫೋಲ್ಡರೇ ಒಳಗೆ ಹೋಗಿ ಕೂರುತ್ತದೆ. ಅಳಿಸುವ ಆಯ್ಕೆಯ ಜೊತೆ ಇದನ್ನು ತಪ್ಪಿಸಿಕೊಂಡರೆ ದೊಡ್ಡ ಅನಾಹುತ. ಸುಳ್ಳು ಫೈಲುಗಳ ಮೇಲೆ ಪ್ರಯೋಗ ಮಾಡಿ ನೋಡಿಕೊಂಡೇ ಮುಂದುವರಿಯಿರಿ.

ಸಿಸ್ಟಂ ಕೆಟ್ಟರೆ ಹಿಂದಿನ ಸ್ಥಿತಿಗೆ ತರಲು ಮಿಂಟಿನಲ್ಲೇ ಬರುವ ಟೈಮ್‌ಶಿಫ್ಟ್ ಇದೆ. ಆದರೆ ಅದು ತಾನಾಗಿ ಹೋಮ್ ಫೋಲ್ಡರನ್ನು ಸೇರಿಸಿಕೊಳ್ಳುವುದಿಲ್ಲ. ಹಾಗಾಗಿ 'ಕೆಲಸ'ದ ಫೈಲುಗಳು ಬೇರೆಯಾಗಿ, ಹೊರಗಿನ ಒಂದು ಡಿಸ್ಕಿಗೆ ಬ್ಯಾಕಪ್ ಆಗುತ್ತವೆ.

ಉಳಿದದ್ದು ಸಣ್ಣಪುಟ್ಟ ಸೆಟ್ಟಿಂಗು. ಮೌಸಿನ ಬಾಣ ದೊಡ್ಡದು ಮಾಡಿದೆ. ಡಬಲ್ ಕ್ಲಿಕ್ ಅವಧಿ 700 ಮಿಲಿಸೆಕೆಂಡಿಗೆ ಹಿಗ್ಗಿಸಿದೆ. ಹೊಸಬರ ಎರಡು ಕ್ಲಿಕ್ ನಡುವೆ ಅಂತರ ಜಾಸ್ತಿ ಇರುತ್ತದೆ, ಯಂತ್ರ ಅದನ್ನು ಎರಡು ಬೇರೆ ಕ್ಲಿಕ್ ಅಂದುಕೊಳ್ಳುತ್ತದೆ. "ನಂಗೆ ಬರಲ್ಲ" ಅನ್ನುವವರಲ್ಲಿ ಎಷ್ಟೋ ಜನರ ತೊಂದರೆ ಇಷ್ಟೇ. ಟಚ್‌ಪ್ಯಾಡ್ ಮುಟ್ಟಿದರೆ ಕ್ಲಿಕ್ ಆಗುವುದನ್ನು ಆಫ್ ಮಾಡಿ, ವೈರಿರುವ ಮೌಸ್ ಕೊಟ್ಟೆ.

ಎಲ್ಲಿ ಹೋಯ್ತು?

ಮೊದಲ ಪಾಠ ಕೆಡಿಸುವುದು. "ಅತ್ತಿಗೆ, ಈ ಫೋಲ್ಡರಿನಲ್ಲಿರೋದನ್ನೆಲ್ಲ ಡಿಲೀಟ್ ಮಾಡಿ" ಎಂದೆ.

"ಎಲ್ಲಾನೂ? ನಿಜವಾಗ್ಲೂ?"

"ಎಲ್ಲಾನೂ."

ಅಳಿಸಿದರು. ಕಸದ ಬುಟ್ಟಿಯಿಂದ ವಾಪಸ್ ತಂದರು. ಆಮೇಲೆ ಫೈಲುಗಳ ಹೆಸರು ಬದಲಿಸಿದರು, ಬೇರೆ ಫೋಲ್ಡರಿಗೆ ಎಳೆದು ಹಾಕಿದರು, ಕಂಟ್ರೋಲ್ ಮತ್ತು ಝಡ್ ಒತ್ತಿ ಒಂದೊಂದೇ ಹಿಂದಕ್ಕೆ ತಂದರು. ಎಕ್ಸ್‌ಎಫ್‌ಸಿಇಯ ಫೈಲ್ ಮ್ಯಾನೇಜರಿನಲ್ಲಿ ಈ ಅನುಕೂಲ ಬಂದದ್ದು 4.18ರಿಂದ. ಅದಕ್ಕಿಂತ ಹಳೆಯದಾದರೆ ಈ ಪಾಠ ನಡೆಯುವುದಿಲ್ಲ. ಎಳೆಯುವ ಕೈ ಕುದುರಲು ಸಾಲಿಟೇರ್ ಹಾಕಿಕೊಟ್ಟೆ. 1990ರ ವಿಂಡೋಸ್ 3.0 ಜೊತೆ ಬಂದ ಆ ಇಸ್ಪೀಟ್ ಆಟದಿಂದಲೇ ಎಷ್ಟೋ ಜನ ಮೌಸ್ ಹಿಡಿದು ಎಳೆಯುವುದನ್ನು ಕಲಿತರು. ಇವತ್ತಿಗೂ ಅದಕ್ಕಿಂತ ಒಳ್ಳೆಯ ಮೇಷ್ಟ್ರು ನನಗೆ ಸಿಕ್ಕಿಲ್ಲ.

ನಿಜವಾದ ತೊಡಕು ಬಂದದ್ದು ಸೇವ್ ಮಾಡುವಾಗ. ಫೋನಿನಲ್ಲಿ ಬರೆದದ್ದು ಬಹುತೇಕ ತಾನಾಗೇ ಉಳಿಯುತ್ತದೆ, ಫೋಟೋ ಫೋಟೋ ಆಪ್‌ನಲ್ಲೇ ಇರುತ್ತದೆ. 'ಎಲ್ಲಿ ಇಡಲಿ' ಎಂದು ಯಾರೂ ಕೇಳುವುದಿಲ್ಲ. ಇಲ್ಲಿ ಯಂತ್ರ ಕೇಳುತ್ತದೆ, ನಾವು ಓದದೆ ಸರಿ ಅನ್ನುತ್ತೇವೆ, ಆಮೇಲೆ ಹುಡುಕುತ್ತೇವೆ.

ಇದಕ್ಕೆ ಒಂದು ಪ್ರಯೋಗ ಮಾಡಿಸಿದೆ. ಪತ್ರ, ಲೆಕ್ಕದ ಶೀಟು ಮಾಡುವ ಲಿಬ್ರೆಆಫೀಸ್ ತಾನಾಗಿ ಹತ್ತು ನಿಮಿಷಕ್ಕೊಮ್ಮೆ ಚೇತರಿಕೆಗೆ ಪ್ರತಿ ಇಟ್ಟುಕೊಳ್ಳುತ್ತದೆ, ಮೊದಲು ಅದನ್ನು ಆಫ್ ಮಾಡಿದೆ. ಅತ್ತಿಗೆ ನಾಲ್ಕು ಸಾಲು ಟೈಪ್ ಮಾಡಿದರು. ಸೇವ್ ಮಾಡದೆ ಪವರ್ ಬಟನ್ ಒತ್ತಿ ಹಿಡಿಯಲು ಹೇಳಿದೆ. ಪರದೆ ಕಪ್ಪಾಯಿತು. ಮತ್ತೆ ಆನ್ ಮಾಡಿದರೆ ಸಾಲುಗಳಿಲ್ಲ. ಎರಡನೇ ಸಲ ಎರಡು ಸಾಲು ಬರೆದು ಸೇವ್ ಮಾಡಿ, ಇನ್ನೆರಡು ಸಾಲು ಸೇರಿಸಿ, ಮತ್ತೆ ಬಟನ್. ಈ ಸಲ ಮೊದಲಿನ ಎರಡು ಸಾಲು ಇದ್ದವು, ಆಮೇಲಿನವು ಇರಲಿಲ್ಲ. ಕಾಣುವುದು ರ್‍ಯಾಮಿನಲ್ಲಿ ಇರುವುದು, ಉಳಿಯುವುದು ಡಿಸ್ಕಿನಲ್ಲಿ ಇರುವುದು. ಸ್ಲೇಟಿನಲ್ಲಿ ಬರೆದದ್ದನ್ನು ನೋಟ್‌ಬುಕ್ಕಿಗೆ ಇಳಿಸಿದ ಹಾಗೆ, ಅಷ್ಟೇ. ಅಣ್ಣನ ಯಂತ್ರದಲ್ಲಿ ಈ ಪ್ರಯೋಗ ಮಾಡಿಸುವ ಧೈರ್ಯ ಯಾರಿಗಿದೆ? ಪವರ್ ಬಟನ್ ಒತ್ತಿ ಆರಿಸುವುದು ದಿನಾ ಮಾಡುವಂಥದ್ದಲ್ಲ ಎಂದೂ ಹೇಳಿದೆ. ಚೇತರಿಕೆಯ ಸೆಟ್ಟಿಂಗನ್ನು ಮತ್ತೆ ಆನ್ ಮಾಡಿ, ಐದು ನಿಮಿಷಕ್ಕೆ ಇಳಿಸಿದೆ.

ಆವತ್ತಿನಿಂದ ಸೇವ್ ಕಿಟಕಿ ಬಂದಾಗ ಅತ್ತಿಗೆ ಮೊದಲು ಮೇಲಿನ ಸಾಲು ಓದುತ್ತಾರೆ, ಆಮೇಲೆ ಹೆಸರು ಬರೆಯುತ್ತಾರೆ. ಹೆಸರಿನ ಮುಂದೆ ತಾರೀಕು, ವರ್ಷ ಮೊದಲು: 2025-11-03. ಹೀಗೆ ಬರೆದರೆ ಫೈಲುಗಳು ತಾವಾಗೇ ದಿನದ ಕ್ರಮದಲ್ಲಿ ಕೂರುತ್ತವೆ. 'ವರದಿ ಹೊಸದು', 'ವರದಿ ಕೊನೆಯದು', 'ವರದಿ ಕೊನೆಯದು ಇದೇ' ಎಂಬ ಪೀಕಲಾಟ ತಪ್ಪುತ್ತದೆ.

ಇದೇ 'ಎಲ್ಲಿ ಹೋಯ್ತು' ಮೇಲ್‌ನಲ್ಲೂ ಬಂತು. ಮೇಲ್ ಪ್ರೋಗ್ರಾಮಿನಲ್ಲಿ ಬಂದ ಅಟ್ಯಾಚ್‌ಮೆಂಟನ್ನು ನೇರವಾಗಿ ತೆರೆದು, ತಿದ್ದಿ, ಸೇವ್ ಒತ್ತಿದರೆ ಅದು ಯಾವುದೋ ತಾತ್ಕಾಲಿಕ ಫೋಲ್ಡರಿಗೆ ಹೋಗುತ್ತದೆ, ಇಲ್ಲವೇ ತಿದ್ದಲೇ ಬಿಡುವುದಿಲ್ಲ. ಬಹಳ ವರ್ಷ ಕೆಲಸ ಮಾಡಿದವರೂ ಇದರಲ್ಲಿ ಬೀಳುತ್ತಾರೆ. ಮೊದಲು ಡೌನ್‌ಲೋಡ್, ಅದನ್ನು ಬೇಕಾದ ಫೋಲ್ಡರಿಗೆ ಸಾಗಿಸುವುದು, ಆಮೇಲೆ ತೆರೆಯುವುದು. ಜಿಮೇಲ್‌ನಲ್ಲಿ ಅಟ್ಯಾಚ್‌ಮೆಂಟಿಗೆ 25 ಎಂಬಿ ಮಿತಿ. ಫೋಟೋಗಳು ಅದನ್ನು ಬೇಗ ದಾಟುತ್ತವೆ, ಅದಕ್ಕೂ ಅಭ್ಯಾಸ ಮಾಡಿಸಿದೆ.

ಲೆಕ್ಕದ ಶೀಟು

ಕೂಡಿಸುವ ಸೂತ್ರಕ್ಕಿಂತ ಮೊದಲು ಕಣ್ಣಿಗೆ ಒಂದು ಅಭ್ಯಾಸ ಕೊಟ್ಟೆ. ಏನೂ ಬದಲಿಸದಿದ್ದರೆ ಅಕ್ಷರ ಎಡಕ್ಕೆ ಕೂರುತ್ತದೆ, ಸಂಖ್ಯೆ ಬಲಕ್ಕೆ. ಸಂಖ್ಯೆಯೊಂದು ಎಡಕ್ಕೆ ಕೂತಿದ್ದರೆ ಶೀಟು ಅದನ್ನು ಅಕ್ಷರ ಅಂದುಕೊಂಡಿದೆ, ಮೊತ್ತಕ್ಕೆ ಸೇರಿಸುವುದಿಲ್ಲ. ಬೇಕೆಂದೇ ಶೀಟಿನಲ್ಲಿ ಅಂಥ ಒಂದು ಮನೆ (ಸೆಲ್) ಇಟ್ಟಿದ್ದೆ. ಅತ್ತಿಗೆ ಕೈಯಲ್ಲೇ ಕೂಡಿಸಿ ನೋಡಿ, "ಇದು ಸುಳ್ಳು ಲೆಕ್ಕ ಹೇಳ್ತಿದೆ" ಅಂದರು. ಹಿಡಿದುಬಿಟ್ಟರು.

ಉಲ್ಟಾ ತೊಂದರೆಯೂ ಇದೆ. ಸೊನ್ನೆಯಿಂದ ಶುರುವಾಗುವ ನಂಬರ್ ಬರೆದರೆ ಮುಂದಿನ ಸೊನ್ನೆ ಮಾಯ. ಗೆರೆ ಹಾಕಿ ಬರೆದ ಕೋಡ್ ತಾರೀಕಾಗಿಬಿಡಬಹುದು. ಬರೆಯುವ ಮೊದಲೇ ಆ ಕಾಲಮ್ಮನ್ನು ಟೆಕ್ಸ್ಟ್ ಎಂದು ಗೊತ್ತುಮಾಡಬೇಕು. ಇದು ಹೊಸಬರ ಪೇಚು ಅಂದುಕೊಳ್ಳಬೇಡಿ. ಎಕ್ಸೆಲ್ ಕೆಲವು ಮಾನವ ಜೀನ್‌ಗಳ ಹೆಸರನ್ನು ಮಾರ್ಚ್, ಸೆಪ್ಟೆಂಬರ್ ತಾರೀಕು ಮಾಡುತ್ತಿತ್ತು. ಕೊನೆಗೆ ಹೆಸರಿಡುವ ಸಮಿತಿಯೇ ಸೋತು ಜೀನ್‌ಗಳ ಹೆಸರು ಬದಲಿಸಿತು, 2020ರಲ್ಲಿ ಹೊಸ ನಿಯಮವನ್ನೂ ಪ್ರಕಟಿಸಿತು.

ಕನ್ನಡಕ್ಕೆ ಕಗಪ ಕೀಲಿಮಣೆ ಹಾಕಿದೆ, ಮಿಂಟಿನ ಕೀಬೋರ್ಡ್ ಪಟ್ಟಿಯಲ್ಲೇ ಇದೆ. ಅತ್ತಿಗೆಗೆ ಒತ್ತಕ್ಷರ ಬೇಗ ಕೈಗೆ ಹತ್ತಿತು. ಒಂದು ಹಳೆಯ ಕನ್ನಡ ಪತ್ರ ತೆರೆದರೆ ಮಾತ್ರ ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಫೈಲ್ ಕೆಟ್ಟಿರಲಿಲ್ಲ. ಯೂನಿಕೋಡ್ ಬಳಸದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು. ಆ ಫಾಂಟ್ ಹಾಕಿದರೆ ಓದಬಹುದು, ಪರಿವರ್ತಕದಲ್ಲಿ ಹಾಯಿಸಿದರೆ ಯೂನಿಕೋಡ್ ಆಗುತ್ತದೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸುವುದು ಒಳ್ಳೆಯದು.

ಹಿಂದಕ್ಕೆ ಬಾರದವು

ಧೈರ್ಯ ಬಂದ ಮೇಲೆ ಇನ್ನೊಂದು ಕೆಲಸ ಉಳಿಯುತ್ತದೆ: ಯಾವುದಕ್ಕೆ ಕಂಟ್ರೋಲ್-ಝಡ್ ಇಲ್ಲ ಎಂದು ತೋರಿಸುವುದು. ಇದನ್ನು ಮೊದಲೇ ಹೇಳಿದ್ದರೆ ಅತ್ತಿಗೆ ಕೀಬೋರ್ಡ್ ಮುಟ್ಟುತ್ತಲೇ ಇರಲಿಲ್ಲ. ಶಿಫ್ಟ್ ಒತ್ತಿ ಡಿಲೀಟ್ ಮಾಡಿದ ಫೈಲು ಬುಟ್ಟಿಗೆ ಹೋಗುವುದಿಲ್ಲ, ಅದನ್ನು ಆಟದಲ್ಲೇ ಮಾಡಿ ನೋಡಿದರು. ಪೆನ್‌ಡ್ರೈವನ್ನು ಇಜೆಕ್ಟ್ ಮಾಡದೆ ಕೀಳುವುದನ್ನೂ ಮಾಡಿ ನೋಡಿದರು. ಪರದೆಯಲ್ಲಿ ಕಾಪಿ ಮುಗಿದಿತ್ತು. ಆದರೆ ದೊಡ್ಡ ವಿಡಿಯೋ ಅರ್ಧಕ್ಕೇ ನಿಂತಿತ್ತು, ಯಾಕೆಂದರೆ ಉಳಿದದ್ದು ಇನ್ನೂ ರ್‍ಯಾಮಿನಲ್ಲೇ ಇತ್ತು.

ಕಳಿಸಿದ ಮೇಲ್, ಹೇಳಿಬಿಟ್ಟ ಒಟಿಪಿ, ಕೊಟ್ಟ ಪಾಸ್‌ವರ್ಡ್ ಇವಕ್ಕೆ ಅಭ್ಯಾಸದ ಯಂತ್ರ ಇಲ್ಲ. ಆದರೂ ಒಂದು ನಕಲಿ ಫೈಲ್ ಮಾಡಿ ತೋರಿಸಿದೆ. ಹೆಸರು 'ಬಿಲ್', ಚುಕ್ಕಿ, 'ಪಿಡಿಎಫ್', ಮತ್ತೆ ಚುಕ್ಕಿ, 'ಇಎಕ್ಸ್‌ಇ', ಅಂದರೆ ತೆರೆದರೆ ಓಡುವ ಪ್ರೋಗ್ರಾಂ. ವಿಂಡೋಸ್ ಏನೂ ಬದಲಿಸದಿದ್ದರೆ ಕೊನೆಯ ಬಾಲವನ್ನು ಮುಚ್ಚಿಡುತ್ತದೆ, ನೋಡಿದವರಿಗೆ ಅದು ಸಾದಾ ಪಿಡಿಎಫ್. ಆಫೀಸಿನ ಯಂತ್ರ ಸಿಕ್ಕಿದ ದಿನ ಮೊದಲು ಬದಲಿಸಬೇಕಾದ ಸೆಟ್ಟಿಂಗ್ ಇದು, ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ. ಪಾಸ್‌ವರ್ಡಿಗೆ ಚಿಹ್ನೆಗಳ ಸರ್ಕಸ್ ಬೇಡ, ಸಂಬಂಧವಿಲ್ಲದ ನಾಲ್ಕೈದು ಪದಗಳ ಉದ್ದ ಸಾಲು ಸಾಕು. ಒಂದನ್ನೇ ಎರಡು ಕಡೆ ಬಳಸಬಾರದು. ಉಳಿದದ್ದನ್ನು ಪಾಸ್‌ವರ್ಡ್ ಮ್ಯಾನೇಜರ್ ನೆನಪಿಟ್ಟುಕೊಳ್ಳುತ್ತದೆ.

'ಹೊಸದಾಗಿ ಶುರು' ಐಕಾನ್ ಒತ್ತುವುದು ಈಗೀಗ ಅಪರೂಪ. ಅತ್ತಿಗೆ ಹೆಚ್ಚಾಗಿ 'ಕೆಲಸ'ದ ನೀಲಿ ಪರದೆಯಲ್ಲೇ ಇರುತ್ತಾರೆ. ಒಂದೇ ಪತ್ರವನ್ನು ಬೇರೆ ಬೇರೆ ಹೆಸರಿಗೆ ಕಳಿಸುವ ಮೇಲ್ ಮರ್ಜ್ ಹೇಳಿಕೊಡು ಎಂದು ಕೇಳಿದ್ದಾರೆ. ಅದಕ್ಕೆ ಹೆಸರುಗಳ ಒಂದು ಸುಳ್ಳು ಪಟ್ಟಿ ತಯಾರಿಸಿ ಆಟದ ನಕಲಿಗೆ ಸೇರಿಸಬೇಕು. ಬ್ಯಾಟರಿ ಒಂದು ಗಂಟೆ ಕೂಡ ಬರುತ್ತಿಲ್ಲ, ಬದಲಿಸಬೇಕು. ಎಡಗಡೆಯ ಹಿಂಜ್ ಸಡಿಲ ಇದೆ. ಅದನ್ನು ಬಿಗಿ ಮಾಡಲು ಪರದೆಯ ಚೌಕಟ್ಟು ಬಿಚ್ಚಬೇಕು, ಬ್ಯಾಟರಿ ಬಂದ ದಿನ ಎರಡನ್ನೂ ಒಟ್ಟಿಗೆ ಮಾಡುತ್ತೇನೆ.